ಮುಂಬೈನಲ್ಲಿ ಔಷಧಿ ಕೊಳ್ಳುವುದು ಹೇಗೆ: ಕೌಂಟರಿನ ಒಳಗೆ ನಿಂತವಳ ಮಾತು

ಈ ಊರಿನಲ್ಲಿ ಔಷಧಿಗೆ ಜಾಸ್ತಿ ಬೆಲೆ ಕೊಡುವವರು ಬಡವರು. ಚೆಂಬೂರಿನ ಒಂದು ಮೆಡಿಕಲ್ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿ ವರ್ಷಗಟ್ಟಲೆ ನಿಂತು, ನೋಡಿ ನೋಡಿ, ನನಗೆ ಬಂದ ಅಭಿಪ್ರಾಯ ಇದು. ನಮ್ಮ ಅಂಗಡಿಯ ಒಂದು ಕಡೆ ಲಿಫ್ಟ್ ಇರುವ ಸೊಸೈಟಿಗಳಿವೆ. ಇನ್ನೊಂದು ಕಡೆ ಬಡವರ ಬಸ್ತಿಗಳಿರುವ ಗೋವಂಡಿಗೆ ಹೋಗುವ ದಾರಿ. ಬಿಪಿ ಎರಡೂ ಕಡೆಯವರಿಗೆ ಇದೆ. ಇಬ್ಬರ ಚೀಟಿಯಲ್ಲೂ ಅದೇ ಟೆಲ್ಮಿಸಾರ್ಟನ್ 40. ಸೊಸೈಟಿಯವರು ಮೂರು ತಿಂಗಳಿಗಾಗುವಷ್ಟು ಒಟ್ಟಿಗೆ ಒಯ್ಯುತ್ತಾರೆ. "ಆ್ಯಪ್‌ನಲ್ಲಿ ಇಪ್ಪತ್ತು ಪರ್ಸೆಂಟ್ ಬಿಡ್ತಾರೆ, ನೀವು ಎಷ್ಟು ಬಿಡ್ತೀರಿ?" ಎಂದು ಕೇಳುತ್ತಾರೆ. ಮಾಲೀಕರು ಬಿಡುತ್ತಾರೆ. ಗೋವಂಡಿ ಕಡೆಯಿಂದ ಬಂದ, ನಾಕಾದಲ್ಲಿ ಅಂದರೆ ರಸ್ತೆ ಕೂಡುವಲ್ಲಿ ಕೆಲಸಕ್ಕೆ ಕಾದು ನಿಲ್ಲುವ ಕೂಲಿಯವನು ನಾಲ್ಕು ಮಾತ್ರೆ ಕೇಳುತ್ತಾನೆ. ಎಂಆರ್‌ಪಿಯಲ್ಲಿ ಒಂದು ಪೈಸೆಯೂ ಇಳಿಯುವುದಿಲ್ಲ. ನಾಲ್ಕು ಮಾತ್ರೆಗೆ ಯಾರು ಚೌಕಾಸಿ ಮಾಡುತ್ತಾರೆ? ಐದನೇ ದಿನ ಮಾತ್ರೆ ಇರುವುದಿಲ್ಲ, ಆರನೇ ದಿನ ಬಿಪಿ ಏರಿರುತ್ತದೆ.

ನನ್ನ ಅಪ್ಪ ಕುಂದಾಪುರದ ಕಡೆಯಿಂದ ಬಂದು ಮಾಟುಂಗದ ಹೋಟೆಲಿನಲ್ಲಿ ದುಡಿದವರು. ನಾನು ಇಲ್ಲಿಯ ಕನ್ನಡ ಶಾಲೆಯಲ್ಲಿ ಓದಿದವಳು. ಹಾಗಾಗಿ ಕನ್ನಡ ಮಾತಾಡುವ ಗಿರಾಕಿ ಬಂದರೆ ನನ್ನನ್ನೇ ಕರೆಯುತ್ತಾರೆ. ಹೋಟೆಲಿನ ಹುಡುಗರು "ಅಕ್ಕಾ" ಅನ್ನುತ್ತಾರೆ, ಯಾದಗಿರಿ, ಕಲಬುರಗಿ ಕಡೆಯವರು "ಯಕ್ಕಾ" ಅನ್ನುತ್ತಾರೆ, ನಿವೃತ್ತಿಯಾದ ಬ್ಯಾಂಕಿನವರು "ಮೇಡಮ್". ಮೂವರಿಗೂ ಹೇಳಬೇಕಾದದ್ದು ಒಂದೇ. ಹೇಳಲು ಸಂಜೆ ಹೊತ್ತು ಪುರುಸೊತ್ತು ಇರುವುದಿಲ್ಲ. ಅದಕ್ಕೆ ಇಲ್ಲಿ ಬರೆದಿದ್ದೇನೆ.

ಕೆಲಸ ಶುರುವಾಗುವುದು ಡಾಕ್ಟರ ಎದುರು

ಮೆಡಿಕಲ್‌ಗೆ ಬಂದ ಮೇಲೆ ದುಡ್ಡು ಉಳಿಸುವುದು ಕಷ್ಟ. ಚೀಟಿ ಬರೆಯುವಾಗಲೇ ಎರಡು ಮಾತು ಕೇಳಿ.

ಒಂದು: "ಡಾಕ್ಟರೇ, ಔಷಧಿಯ ಹೆಸರು ಬರೆಯಿರಿ, ಕಂಪನಿಯ ಹೆಸರು ಬೇಡ." ಇದು ಯಾಕೆ ಮುಖ್ಯ ಅಂದರೆ, ಚೀಟಿಯಲ್ಲಿ ಒಂದು ಬ್ರ್ಯಾಂಡ್ ಬರೆದಿದ್ದರೆ ಕಾನೂನಿನ ಪ್ರಕಾರ ನಾವು ಅದರ ಬದಲು ಬೇರೆ ಬ್ರ್ಯಾಂಡ್ ಕೊಡುವಂತಿಲ್ಲ. ಬರೆದವರ ಒಪ್ಪಿಗೆ ಬೇಕು. ಕೊಡುವ ಅಂಗಡಿಗಳು ಬೇಕಾದಷ್ಟಿವೆ, ಆದರೆ ಅವರು ಕೊಡುವುದು ತಮಗೆ ಲಾಭ ಜಾಸ್ತಿ ಇರುವುದನ್ನು. ಜೆನೆರಿಕ್ ಹೆಸರು, ಅಂದರೆ ಔಷಧಿಯ ಹೆಸರಷ್ಟೇ ಇದ್ದರೆ ಆಯ್ಕೆ ನಿಮ್ಮ ಕೈಯಲ್ಲಿ ಉಳಿಯುತ್ತದೆ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಡಾಕ್ಟರುಗಳೆಲ್ಲ ಜೆನೆರಿಕ್ ಹೆಸರನ್ನೇ ಬರೆಯಬೇಕು ಎಂದು ನಿಯಮ ತಂದಿತ್ತು. ಗಲಾಟೆಯಾಗಿ ಅದೇ ತಿಂಗಳು ತಡೆಹಿಡಿಯಿತು. ಹಾಗಾಗಿ ಈಗ ಕೇಳುವ ಕೆಲಸ ನಿಮ್ಮದೇ. ಕೇಳಿದರೆ ಬಹಳ ಡಾಕ್ಟರುಗಳು ಬರೆದುಕೊಡುತ್ತಾರೆ. ಕೆಲವರು ಮುಖ ಗಂಟು ಹಾಕುತ್ತಾರೆ. ಹಾಕಲಿ ಬಿಡಿ.

ಎರಡನೆಯದು ಇನ್ನೂ ಮುಖ್ಯ, ಇದನ್ನು ಕೇಳುವವರು ತೀರಾ ಕಡಿಮೆ: "ಇದರಲ್ಲಿ ಬಿಡಲೇಬಾರದ್ದು ಯಾವುದು?" ಚೀಟಿಯಲ್ಲಿ ಐದು ಔಷಧಿ ಇರುತ್ತವೆ. ಜೇಬಿನಲ್ಲಿ ಐದಕ್ಕೂ ಆಗುವಷ್ಟು ದುಡ್ಡು ಇರುವುದಿಲ್ಲ. ನಮ್ಮ ಕೌಂಟರಿಗೆ ಬಂದು, "ಯಕ್ಕಾ, ನೂರೈವತ್ತು ರೂಪಾಯ್ದಾಗ ಎಷ್ಟ ಬರ್ತಾವ ಅಷ್ಟ ಕೊಡ್ರಿ" ಅನ್ನುತ್ತಾರೆ. ಆಗ ಏನಾಗುತ್ತದೆ ಗೊತ್ತಾ? ಅಗ್ಗದ್ದು ಮೊದಲು ಹೋಗುತ್ತದೆ. ಗ್ಯಾಸಿನ ಮಾತ್ರೆ, ವಿಟಮಿನ್, ನೋವಿನ ಮಾತ್ರೆ. ರೋಗ ಗುಣಪಡಿಸುವ ಆ್ಯಂಟಿಬಯೋಟಿಕ್ ದುಬಾರಿ, ಅದು "ನಾಳೆ ಒಯ್ತೀನಿ" ಪಟ್ಟಿಗೆ ಸೇರುತ್ತದೆ. ನಾಳೆ ಬರುವುದಿಲ್ಲ. ಡಾಕ್ಟರ ಹತ್ತಿರವೇ ಕೇಳಿ, ಅವಶ್ಯ ಬೇಕಾದವುಗಳ ಮುಂದೆ ಒಂದು ಚುಕ್ಕೆ ಹಾಕಿಸಿಕೊಂಡು ಬನ್ನಿ. ದುಡ್ಡು ಕಡಿಮೆ ಇದೆ ಎಂದು ಹೇಳಲು ನಾಚಿಕೆ ಬೇಡ. ಕೆಲವು ಸಲ ಅವರೇ ಐದನ್ನು ಮೂರಕ್ಕೆ ಇಳಿಸುತ್ತಾರೆ.

ಪತ್ತಾ ಓದುವುದು

ಮಾತ್ರೆಯ ಸ್ಟ್ರಿಪ್‌ಗೆ ಇಲ್ಲಿ ಎಲ್ಲರೂ ಪತ್ತಾ ಅನ್ನುತ್ತಾರೆ. ಕೈಗೆ ಬಂದ ಪತ್ತಾದಲ್ಲಿ ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರನ್ನು ಬಿಟ್ಟು, ಒಳಗೆ ಏನಿದೆ ಎಂಬುದನ್ನು ನೋಡಿ. ಅಂಗಡಿಯವರು ಅದಕ್ಕೆ ಸಾಲ್ಟ್ ಅಥವಾ ಕಂಟೆಂಟ್ ಅನ್ನುತ್ತಾರೆ. ಹೆಸರು ಇಂಗ್ಲಿಷಿನಲ್ಲಿ ಇರುತ್ತದೆ, ಉಚ್ಚಾರ ಬರದಿದ್ದರೆ ಚಿಂತೆಯಿಲ್ಲ. ಹಳೆಯ ಪತ್ತಾದ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ಹೊಸದರ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಹೆಸರಿನ ಪಕ್ಕದ ಅಂಕಿಯೂ ಒಂದೇ ಇರಬೇಕು. 500 ಇದ್ದದ್ದು 1000 ಆಗಿದ್ದರೆ ಅದು ಬೇರೆಯೇ ಮಾತ್ರೆ ಎಂದು ತಿಳಿಯಿರಿ. ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಆರ್ ಎಂದು ಸೇರಿದ್ದರೆ ಅದೂ ಬೇರೆಯೇ. ಅದು ನಿಧಾನವಾಗಿ ಕರಗುವ ಮಾತ್ರೆ, ಮುರಿದು ನುಂಗುವಂತಿಲ್ಲ.

ಆಮೇಲೆ ಬೆಲೆ. ಪತ್ತಾದ ಬೆಲೆ ನೋಡಬೇಡಿ, ಒಂದು ಮಾತ್ರೆಯ ಬೆಲೆ ಲೆಕ್ಕ ಹಾಕಿ. ಒಂದು ಕಂಪನಿ ಹತ್ತು ಮಾತ್ರೆ ಹಾಕುತ್ತದೆ, ಇನ್ನೊಂದು ಹದಿನೈದು. ತೊಂಬತ್ತು ರೂಪಾಯಿಯ ಪತ್ತಾ ನೂರಾ ಐದರದಕ್ಕಿಂತ ಅಗ್ಗ ಎಂದು ಒಯ್ಯುವವರಿದ್ದಾರೆ. ಮೊದಲನೆಯದರಲ್ಲಿ ಹತ್ತೇ ಮಾತ್ರೆ, ಅಂದರೆ ಒಂದಕ್ಕೆ ಒಂಬತ್ತು ರೂಪಾಯಿ. ಎರಡನೆಯದರಲ್ಲಿ ಹದಿನೈದು, ಒಂದಕ್ಕೆ ಏಳು. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿದೆ, ಮೇಲೆ ಜಿಎಸ್‌ಟಿ ಎಂದು ಯಾರಾದರೂ ಕೇಳಿದರೆ ಕೊಡಬೇಡಿ. ಹೆಚ್ಚಿನ ಔಷಧಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ.

ಸರ್ಕಾರ ಬೆಲೆ ಕಟ್ಟಿರುವ ಔಷಧಿಗಳೂ ಇವೆ. 2022ರ ಅವಶ್ಯಕ ಔಷಧಿಗಳ ಪಟ್ಟಿಯಲ್ಲಿ 384 ಹೆಸರುಗಳಿವೆ. ಬಿಪಿ, ಸಕ್ಕರೆ ಕಾಯಿಲೆ, ಜ್ವರ, ಟಿಬಿಯ ಮುಖ್ಯ ಮಾತ್ರೆಗಳು ಅದರಲ್ಲಿವೆ. ಇವಕ್ಕೆ ಎನ್‌ಪಿಪಿಎ ಎಂಬ ಬೆಲೆ ಪ್ರಾಧಿಕಾರ ಗರಿಷ್ಠ ಬೆಲೆ ಹಾಕುತ್ತದೆ. ಪಟ್ಟಿಯಲ್ಲಿ ಇಲ್ಲದವುಗಳ ಬೆಲೆಯನ್ನು ಕಂಪನಿ ವರ್ಷಕ್ಕೆ ಶೇ. 10ರವರೆಗೆ ಏರಿಸಬಹುದು. 'ಫಾರ್ಮಾ ಸಹಿ ದಾಮ್' ಎಂಬ ಸರ್ಕಾರಿ ಆ್ಯಪ್‌ನಲ್ಲಿ ಔಷಧಿಯ ಹೆಸರು ಹಾಕಿದರೆ ಬೆಲೆ ಕಾಣುತ್ತದೆ. ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದರೆ ಅವರಿಗೆ ಈ ಕೆಲಸ ವಹಿಸಿ, ರೀಲ್ಸ್ ನೋಡುವ ಹೊತ್ತಿನಲ್ಲಿ ಐದು ನಿಮಿಷ ಹೋಗುತ್ತದೆ ಅಷ್ಟೇ.

ಜೆನೆರಿಕ್ ಅನ್ನುವ ನಾಟಕ, ಜನೌಷಧಿ ಅನ್ನುವ ಅಂಗಡಿ

ಈಗ ನಮ್ಮ ಧಂದೆಯ ಒಳಗಿನ ಮಾತು. ಮಾಲೀಕರು ಓದಿದರೆ ಬೈಯುತ್ತಾರೆ, ಪರವಾಗಿಲ್ಲ.

ಅಂಗಡಿಯಲ್ಲಿ ಎರಡು ಥರದ ಮಾಲು ಇರುತ್ತದೆ. ಒಂದಕ್ಕೆ ನಾವು ಎಥಿಕಲ್ ಅನ್ನುತ್ತೇವೆ. ಅಂದರೆ ಕಂಪನಿಯ ಎಂಆರ್, ಅಂದರೆ ಕಂಪನಿಯ ಪ್ರತಿನಿಧಿ, ಡಾಕ್ಟರ ಹತ್ತಿರ ಹೋಗಿ ಬರೆಸುವ ಮಾಲು. ಇದರಲ್ಲಿ ಅಂಗಡಿಗೆ ಸಿಗುವುದು ಸುಮಾರು ನೂರಕ್ಕೆ ಹದಿನಾರರಿಂದ ಇಪ್ಪತ್ತು. ಇನ್ನೊಂದು ಜೆನೆರಿಕ್. ಇದಕ್ಕೂ ಚಂದದ ಹೆಸರು, ಹೊಳೆಯುವ ಪತ್ತಾ ಎಲ್ಲ ಇರುತ್ತದೆ. ಆದರೆ ಎಂಆರ್ ಇಲ್ಲ, ಜಾಹೀರಾತು ಇಲ್ಲ. ಅಂಗಡಿಗೆ ಬಹಳ ಕಡಿಮೆಗೆ ಬರುತ್ತದೆ, ಮೇಲೆ ಮುದ್ರಿಸಿದ ಬೆಲೆ ಮಾತ್ರ ಎಥಿಕಲ್‌ನಷ್ಟೇ ಇರುತ್ತದೆ. ಅಂಗಡಿಗೆ ಹತ್ತು ರೂಪಾಯಿಗೆ ಬಂದ ಪತ್ತಾದ ಮೇಲೆ ಎಪ್ಪತ್ತು, ಎಂಬತ್ತು ಎಂದು ಇರುವುದುಂಟು. ಸರ್ಕಾರ ಬೆಲೆ ಕಟ್ಟದ ಔಷಧಿಗಳಲ್ಲಿ ಇದು ಜಾಸ್ತಿ. ಔಷಧಿ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅಗ್ಗವಾಗಿದ್ದು ಅಂಗಡಿಗೆ, ನಿಮಗಲ್ಲ. ಅಷ್ಟು ತಿಳಿದಿರಲಿ.

ಹಾಗಾಗಿ ಸಾಮಾನ್ಯ ಮೆಡಿಕಲ್‌ನಲ್ಲಿ ಹೀಗೆ ಮಾತಾಡಿ. ಹಿಂದಿಯಲ್ಲಿ: "ಯೇ ಜೆನೆರಿಕ್ ಹೈ ನಾ? ತೋ ಎಂಆರ್‌ಪಿ ಪೇ ಕಿತನಾ ಕಮ್ ಕರೋಗೆ?" ಮರಾಠಿ ಅಂಗಡಿಯಾದರೆ "ಕಿತಿ ಕಮೀ ಕರಣಾರ?" ಎಂದರೆ ಸಾಕು. ಎರಡಕ್ಕೂ ಅರ್ಥ, ಎಷ್ಟು ಕಡಿಮೆ ಮಾಡುತ್ತೀರಿ ಎಂದು. ಇಷ್ಟು ಕೇಳಿದವರಿಗೆ ಅರ್ಧಕ್ಕರ್ಧ ಬಿಟ್ಟದ್ದನ್ನು ನಾನೇ ನೋಡಿದ್ದೇನೆ. ಅದೇ ಮಾತ್ರೆಗೆ ಬಾಯಿ ಬಿಡದವರು ಪೂರ್ತಿ ಕೊಟ್ಟು ಹೋಗುತ್ತಾರೆ. ಅಂಗಡಿಯ ಮುಂದೆ '80 ಪರ್ಸೆಂಟ್ ಡಿಸ್ಕೌಂಟ್' ಎಂದು ದೊಡ್ಡ ಬೋರ್ಡ್ ಇದ್ದರೆ ಕುಣಿಯಬೇಡಿ. ಎಷ್ಟು ಬಿಟ್ಟರು ಎಂಬುದಲ್ಲ, ಒಂದು ಮಾತ್ರೆಗೆ ಕೊನೆಗೆ ಎಷ್ಟು ಕೊಟ್ಟಿರಿ ಎಂಬುದೇ ಲೆಕ್ಕ.

ಇವೆಲ್ಲ ತಲೆನೋವು ಬೇಡ ಅನ್ನುವವರಿಗೆ ಜನೌಷಧಿ ಕೇಂದ್ರ ಇದೆ. ಇದು 2008ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆ, ಈಗ ಪ್ರಧಾನಮಂತ್ರಿ ಭಾರತೀಯ ಜನೌಷಧಿ ಅನ್ನುತ್ತಾರೆ. ಇಲ್ಲಿ ಪತ್ತಾದ ಮೇಲಿನ ಬೆಲೆಯೇ ಕಡಿಮೆ. ಬ್ರ್ಯಾಂಡಿಗಿಂತ ಸಾಮಾನ್ಯವಾಗಿ ಶೇ. 50ರಿಂದ 80ರಷ್ಟು ಕಡಿಮೆ. ಚೌಕಾಸಿ ಬೇಡ, ಮುಜುಗರ ಬೇಡ. ಪ್ರತಿ ಬ್ಯಾಚನ್ನೂ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿನಲ್ಲಿ ಪರೀಕ್ಷೆ ಮಾಡುವ ವ್ಯವಸ್ಥೆ ಇದೆ. 'ಜನೌಷಧಿ ಸುಗಮ್' ಆ್ಯಪ್‌ನಲ್ಲಿ ಹತ್ತಿರದ ಕೇಂದ್ರ ಎಲ್ಲಿದೆ, ಬೆಲೆ ಎಷ್ಟು ಎರಡೂ ಸಿಗುತ್ತದೆ. ಹೆಣ್ಣುಮಕ್ಕಳ ಸುವಿಧಾ ಪ್ಯಾಡ್ ಇಲ್ಲಿ ಒಂದಕ್ಕೆ ಒಂದು ರೂಪಾಯಿ. ಮನೆಗೆಲಸಕ್ಕೆ ಹೋಗುವ ನಮ್ಮ ಹೆಂಗಸರಿಗೆ ನಾನು ಇದನ್ನು ಹೇಳುತ್ತಲೇ ಇರುತ್ತೇನೆ.

ತೊಂದರೆಯೂ ಇದೆ. ಕೇಳಿದ ಮಾತ್ರೆ ಎಷ್ಟೋ ಸಲ ಸ್ಟಾಕ್ ಇರುವುದಿಲ್ಲ. ಕೂಲಿ ಬಿಟ್ಟು ಹೋಗಿ, ಬರಿಗೈಲಿ ಬಂದವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಅದಕ್ಕೆ ಮೊದಲು ಫೋನ್ ಮಾಡಿ ಕೇಳಿ. ಮಾತ್ರೆ ಮುಗಿಯುವ ದಿನ ಓಡಬೇಡಿ, ಹತ್ತು ದಿನದ್ದು ಬಾಕಿ ಇರುವಾಗಲೇ ಹೋಗಿ.

ಒಂದು ಎಚ್ಚರಿಕೆ. ಮೂರ್ಛೆ ರೋಗದ ಮಾತ್ರೆ, ಥೈರಾಯ್ಡಿನ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇಂಥವನ್ನು ಡಾಕ್ಟರನ್ನು ಕೇಳದೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಯಿಸಬೇಡಿ. ಇವುಗಳಲ್ಲಿ ಅಳತೆ ಸ್ವಲ್ಪ ಆಚೀಚೆ ಆದರೂ ಮೈಗೆ ಗೊತ್ತಾಗುತ್ತದೆ. ಉಳಿದ ಹೆಚ್ಚಿನ ಮಾತ್ರೆಗಳಿಗೆ ಈ ಹೆದರಿಕೆ ಬೇಡ.

ನಾಲ್ಕೇ ಮಾತ್ರೆ ಕೊಳ್ಳುವವರಿಗೆ

ಪತ್ತಾ ಕತ್ತರಿಸಿ ಕೊಡಲು ಅಂಗಡಿಯವರು ಗೊಣಗುತ್ತಾರೆ. ಅವರ ಕಡೆಯ ಕಾರಣವೂ ಇದೆ. ಡೇಟು ಮುಗಿದ ಪೂರ್ತಿ ಪತ್ತಾವನ್ನು ಡೀಲರ್ ವಾಪಸ್ ತೆಗೆದುಕೊಳ್ಳುತ್ತಾನೆ, ಕತ್ತರಿಸಿದ್ದನ್ನು ಹೆಚ್ಚಾಗಿ ತೆಗೆದುಕೊಳ್ಳುವುದಿಲ್ಲ. ಆದರೂ ಸಾಮಾನ್ಯ ಮಾತ್ರೆಗಳನ್ನು ಕತ್ತರಿಸಿ ಕೊಡುತ್ತಾರೆ. ನೀವು ನೋಡಬೇಕಾದದ್ದು ಇಷ್ಟು: ನಿಮ್ಮ ತುಂಡಿನ ಮೇಲೆ ಹೆಸರು, ಡೇಟು ಇದೆಯಾ? ಇಲ್ಲದಿದ್ದರೆ ಉಳಿದ ತುಂಡಿನ ಫೋಟೋ ತೆಗೆದುಕೊಳ್ಳಿ. ಯಾರೂ ಬೇಡ ಅನ್ನುವುದಿಲ್ಲ. ಅಂದರೆ ಆ ಅಂಗಡಿ ಬೇಡ.

ಬಿಡಿಬಿಡಿಯಾಗಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುವ ಮಾತ್ರೆಗಳನ್ನು ಮಾತ್ರ ಮುಟ್ಟಬೇಡಿ. "ಸರ್ದಿ ಬುಖಾರ್ ಕಾ ಡೋಸ್ ದೇ ದೋ" ಎಂದರೆ ಬಿಳಿ ಒಂದು, ಹಳದಿ ಒಂದು, ಪುಟ್ಟದು ಇನ್ನೊಂದು ಹಾಕಿ ಮೂವತ್ತು ರೂಪಾಯಿಗೆ ಕೊಡುವ ಕಡೆಗಳಿವೆ. ಒಂದೇ ಡೋಸಿಗೆ ಮೈ ಹಗುರ ಆಗುತ್ತದೆ, ಮರುದಿನ ಕೆಲಸಕ್ಕೂ ಹೋಗುತ್ತೀರಿ. ಆ ಪುಟ್ಟದು ಎಷ್ಟೋ ಸಲ ಸ್ಟಿರಾಯ್ಡ್, ಕಾಯಿಲೆಯನ್ನು ಮುಚ್ಚಿಡುತ್ತದೆ ಅಷ್ಟೇ. ಜ್ವರಕ್ಕೆ ಪ್ಯಾರಾಸಿಟಮಾಲ್ 650 ಸಾಕು. ಅದರ ಬೆಲೆ ಮಾತ್ರೆಗೆ ಎರಡು ರೂಪಾಯಿಯ ಆಸುಪಾಸು. ಮೂವತ್ತು ರೂಪಾಯಿಗೆ ಒಂದು ಪೂರ್ತಿ ಪತ್ತಾ ಬರುತ್ತದೆ, ಹೆಸರು ಡೇಟು ಸಮೇತ.

ಒಂದೇ ಖೋಲಿಯಲ್ಲಿ ಹತ್ತು ಹನ್ನೆರಡು ಜನ ಇರುವ ಹೋಟೆಲ್ ಹುಡುಗರಿಗೆ ನಾನು ಹೇಳುವ ಉಪಾಯ ಬೇರೆ. ಪಗಾರದ ದಿನ ತಲೆಗೆ ಇಪ್ಪತ್ತು ರೂಪಾಯಿ ಹಾಕಿ. ಜ್ವರದ ಮಾತ್ರೆ ಒಂದು ಪತ್ತಾ, ಭೇದಿಗೆ ನೀರಲ್ಲಿ ಕಲಸಿ ಕುಡಿಯುವ ಓಆರ್‌ಎಸ್ ಐದು ಪುಡಿ, ನೆಗಡಿಯ ಸಿಟ್ರಿಜಿನ್ ಒಂದು ಪತ್ತಾ, ಸುಟ್ಟ ಗಾಯಕ್ಕೆ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ಒಂದು, ಬ್ಯಾಂಡೇಜ್ ಒಂದು ಸುರುಳಿ. ಡಬ್ಬದಲ್ಲಿ ಹಾಕಿ ಗೋಡೆಗೆ ತೂಗುಹಾಕಿ. ರಾತ್ರಿ ಹನ್ನೊಂದಕ್ಕೆ ಯಾರಿಗೋ ಜ್ವರ ಬಂದಾಗ ಅಂಗಡಿ ಹುಡುಕುತ್ತಾ ಹೋಗುವುದು ತಪ್ಪುತ್ತದೆ.

ಓಆರ್‌ಎಸ್ ಹೆಸರಿನಲ್ಲಿ ಮೋಸ ಬಹಳ ದಿನ ನಡೆದಿದೆ. ಬಣ್ಣದ ಟೆಟ್ರಾ ಪ್ಯಾಕಿನ ಸಿಹಿ ಪಾನೀಯಕ್ಕೆ ಆ ಮೂರಕ್ಷರ ಅಂಟಿಸಿ ಮಾರುತ್ತಿದ್ದರು. ಅದರಲ್ಲಿ ಸಕ್ಕರೆ ಜಾಸ್ತಿ, ಭೇದಿಯಾದ ಮಗುವಿಗೆ ಕೊಟ್ಟರೆ ಭೇದಿ ಹೆಚ್ಚಾಗಬಹುದು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್ಎಸ್ಎಸ್ಎಐ ಆ ಹೆಸರು ಹಾಕಬಾರದು ಎಂದು ಆದೇಶ ಮಾಡಿತು. ನೀವು ಕೇಳಬೇಕಾದದ್ದು ಡಬ್ಲ್ಯೂಎಚ್ಒ ಸೂತ್ರದ ಪುಡಿ. ದೊಡ್ಡ ಪೊಟ್ಟಣ 20.5 ಗ್ರಾಂ ಇರುತ್ತದೆ, ಪೂರ್ತಿ ಒಂದು ಲೀಟರ್ ನೀರಿಗೆ ಒಮ್ಮೆಗೇ ಹಾಕಬೇಕು. ಲೋಟಕ್ಕೆ ಒಂದು ಚಮಚ ಎಂದು ಹಾಕಬಾರದು. ಪುಡಿ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ತುರಿಕೆಯ ಕ್ರೀಮು

ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ನಮ್ಮವರ ದುಡ್ಡು ಇದರಲ್ಲಿ ಹಾಳಾದಷ್ಟು ಬೇರೆಲ್ಲೂ ಆಗಿಲ್ಲ. ಹೋಟೆಲಿನಲ್ಲಿ ದಿನವಿಡೀ ಒದ್ದೆಯಲ್ಲಿ ನಿಂತು, ಬೆವರಿ, ಅದೇ ಚಡ್ಡಿಯಲ್ಲಿ ಮಲಗುವ ಹುಡುಗರಿಗೆ ತೊಡೆಸಂದಿಯಲ್ಲಿ ಹುಳಕಡ್ಡಿ ಏಳುತ್ತದೆ. ಉಂಗುರದ ಹಾಗೆ ಕೆಂಪಗೆ, ಅಂಚು ಎದ್ದು, ರಾತ್ರಿ ನಿದ್ದೆ ಬಾರದಷ್ಟು ತುರಿಕೆ. ನಾಚಿಕೆಗೆ ಡಾಕ್ಟರ ಹತ್ತಿರ ಹೋಗುವುದಿಲ್ಲ. ಕೌಂಟರಿಗೆ ಬಂದು ಮೆಲ್ಲಗೆ "ಖಾಜ್ ಕಾ ಕ್ರೀಮ್" ಅನ್ನುತ್ತಾರೆ. ಸಿಗುವುದು ಮೂರು ನಾಲ್ಕು ಔಷಧಿ ಕಲಸಿದ ಕ್ರೀಮು. ಅದರಲ್ಲಿ ಸ್ಟಿರಾಯ್ಡ್ ಇರುತ್ತದೆ. ಎರಡೇ ದಿನಕ್ಕೆ ತುರಿಕೆ ಮಾಯ, ಕೆಂಪು ಮಾಯ. ಕ್ರೀಮು ಬಿಟ್ಟ ವಾರಕ್ಕೆ ಎರಡರಷ್ಟು ಆಗಿ ಬರುತ್ತದೆ. ಸ್ಟಿರಾಯ್ಡ್ ಉರಿಯನ್ನು ಮುಚ್ಚಿಡುತ್ತದೆ, ಅಡಿಯಲ್ಲಿ ಶಿಲೀಂಧ್ರ ಆರಾಮವಾಗಿ ಬೆಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಬಿರುಕು ಬೀಳುತ್ತದೆ.

ಕ್ರೀಮಿನ ಡಬ್ಬಿ ತಿರುಗಿಸಿ ಈ ಹೆಸರುಗಳನ್ನು ಹುಡುಕಿ: ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್. ಇದ್ದರೆ ವಾಪಸ್ ಕೊಡಿ. ಇಂಥವನ್ನು ಚೀಟಿ ಇಲ್ಲದೆ ಮಾರಬಾರದು ಎಂದು 2018ರಲ್ಲೇ ನಿಯಮ ಬಂದಿದೆ. ಮುಖ ಬೆಳ್ಳಗಾಗಲು ಎಂದು ಬಾಯಿಮಾತಿನಲ್ಲಿ ಮಾರುವ ಕ್ರೀಮುಗಳಲ್ಲೂ ಎಷ್ಟೋ ಸಲ ಇವೇ ಇರುತ್ತವೆ, ಮದುವೆಗೆ ಮುಂಚೆ ಹೆಣ್ಣುಮಕ್ಕಳು ಒಯ್ಯುತ್ತಾರೆ. ಹುಳಕಡ್ಡಿಗೆ ಬರೀ ಕ್ಲೋಟ್ರಿಮಜೋಲ್ ಇರುವುದನ್ನು ಕೇಳಿ. ಅಗ್ಗ. ತುರಿಕೆ ಹೋದ ಮೇಲೂ ಎರಡು ವಾರ ಹಚ್ಚಬೇಕು, ಕಲೆಯ ಆಚೆಗೆ ಎರಡು ಬೆರಳಗಲ ಸೇರಿಸಿ. ಟವೆಲ್ ಹಂಚಿಕೊಳ್ಳಬೇಡಿ, ಒಳಬಟ್ಟೆ ಬಿಸಿಲಿಗೆ ಹಾಕಿ. ಖೋಲಿಯಲ್ಲಿ ಬಿಸಿಲೇ ಇಲ್ಲ ಅನ್ನುತ್ತೀರಿ, ಗೊತ್ತು. ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿ. ಒಂದು ತಿಂಗಳಲ್ಲಿ ವಾಸಿಯಾಗದಿದ್ದರೆ ಸಾಯನ್ ಅಥವಾ ಕೆಇಎಂ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋಗಲೇಬೇಕು.

ಬಿಟ್ಟಿ ಸಿಗುವುದನ್ನು ಕೊಳ್ಳಬೇಡಿ

ಬಿಪಿ, ಸಕ್ಕರೆ ಕಾಯಿಲೆಯ ಮಾಮೂಲಿ ಮಾತ್ರೆಗಳು ಮುನಿಸಿಪಾಲಿಟಿಯ ದವಾಖಾನೆಯಲ್ಲಿ ಪುಕ್ಕಟೆ. 2022ರ ನವೆಂಬರ್‌ನಿಂದ 'ಆಪ್ಲಾ ದವಾಖಾನಾ' ಎಂಬ ಕ್ಲಿನಿಕ್ಕುಗಳೂ ಗಲ್ಲಿಗಳ ಹತ್ತಿರ ತೆರೆದಿವೆ. ಡಾಕ್ಟರು, ಮಾತ್ರೆ, ರಕ್ತಪರೀಕ್ಷೆ ಅಲ್ಲಿ ಪುಕ್ಕಟೆ. ಹಲವು ಕಡೆ ರಾತ್ರಿ 10ರವರೆಗೆ ಇರುತ್ತವೆ, ಇದೇ ದೊಡ್ಡ ವಿಷಯ. ದೊಡ್ಡಾಸ್ಪತ್ರೆಯ ಓಪಿಡಿ ಬೆಳಿಗ್ಗೆ ಮಾತ್ರ. ಹೆಸರು ಬರೆಸುವ ಕೇಸ್ ಪೇಪರ್‌ಗೆ ಚಿಲ್ಲರೆ ದುಡ್ಡು, ಆದರೆ ಸಾಲಿನಲ್ಲಿ ನಿಂತವನಿಗೆ ಆ ದಿನದ ಕೂಲಿ ಹೋಯಿತು. "ಸರ್ಕಾರಿ ಆಸ್ಪತ್ರೆ ಪುಕ್ಕಟೆ ಇದ್ದರೂ ಯಾಕೆ ಹೋಗೋದಿಲ್ಲ ಇವರು?" ಎಂದು ಸೊಸೈಟಿಯವರು ನನ್ನನ್ನು ಕೇಳುತ್ತಾರೆ. ಅವರಿಗೆ ರಜೆಯ ಸಂಬಳ ಬರುತ್ತದೆ, ನಾಕಾದಲ್ಲಿ ನಿಂತವನಿಗೆ ಬರುವುದಿಲ್ಲ.

ಎರಡು ವಾರ ದಾಟಿದ ಕೆಮ್ಮಿಗೆ ಸಿರಪ್ ಕೊಳ್ಳಬೇಡಿ. ಕಫದ ಪರೀಕ್ಷೆ ಮಾಡಿಸಿ, ದವಾಖಾನೆಯಲ್ಲಿ ದುಡ್ಡು ಬೇಡ. ಟಿಬಿ ಎಂದಾದರೆ ಪೂರ್ತಿ ಔಷಧಿ ಸರ್ಕಾರದ್ದು. ಊಟಕ್ಕೆ ಎಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. 2024ರ ನವೆಂಬರ್‌ವರೆಗೆ 500 ಇತ್ತು. ಹೋಟೆಲಿನಲ್ಲಿ ಹುಡುಗನಿಗೆ ಟಿಬಿ ಎಂದು ಗೊತ್ತಾದ ಕೂಡಲೇ ರಾತ್ರಿ ಬಸ್ಸಿಗೆ ಹತ್ತಿಸಿ ಊರಿಗೆ ಕಳಿಸುವ ಮಾಲೀಕರು ನಮ್ಮವರಲ್ಲೇ ಇದ್ದಾರೆ. ಇದು ನನಗೆ ಸಿಟ್ಟು ಬರಿಸುತ್ತದೆ. ಊರಿನಲ್ಲಿ ಔಷಧಿ ಮುಂದುವರಿಸುವ ವ್ಯವಸ್ಥೆ ಇದೆ, ಆದರೆ ಹೋಗುವ ಮುಂಚೆ ಇಲ್ಲಿನ ಕೇಂದ್ರದಲ್ಲಿ ವರ್ಗಾವಣೆ ಮಾಡಿಸಿಕೊಂಡು ಹೋಗಬೇಕು. ಟಿಬಿ ರೋಗಿಯ ಹೆಸರಿಗೆ ಕೊಡುವ ನಿಕ್ಷಯ್ ನಂಬರ್ ಬರೆದಿಟ್ಟುಕೊಳ್ಳಿ.

ಆ್ಯಂಟಿಬಯೋಟಿಕ್ ಬಗ್ಗೆ ಒಂದೇ ಮಾತು. ಪತ್ತಾದ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಕೊಡಬಾರದ ಔಷಧಿ. ಐದು ದಿನಕ್ಕೆ ಬರೆದರೆ ಐದೂ ದಿನ. ಎರಡು ದಿನಕ್ಕಷ್ಟೇ ದುಡ್ಡಿದ್ದರೆ ಕೊಳ್ಳುವ ಮೊದಲು ಡಾಕ್ಟರಿಗೆ ಹೇಳಿ, ಇನ್ನೊಂದು ಅಗ್ಗದ್ದು ಬರೆಯುತ್ತಾರೆ.

ವಾಕರ್, ವೀಲ್‌ಚೇರ್, ದೊಡ್ಡವರ ಡೈಪರ್, ನೆಬ್ಯುಲೈಸರ್ ಇಂಥವಕ್ಕೆ ಮರೀನ್ ಲೈನ್ಸ್‌ನ ಪ್ರಿನ್ಸೆಸ್ ಸ್ಟ್ರೀಟ್‌ಗೆ ಹೋಗಿ. ಹೋಲ್‌ಸೇಲ್ ಬಜಾರ್ ಅದು. ಹಾಸಿಗೆ ಹಿಡಿದವರು ಮನೆಯಲ್ಲಿದ್ದರೆ ರೈಲಿನ ಟಿಕೆಟ್ ದುಡ್ಡು ಮೊದಲ ದಿನವೇ ಹುಟ್ಟುತ್ತದೆ.

ದೊಡ್ಡ ಕಾಯಿಲೆ ಬಂದರೆ ಮೆಡಿಕಲ್ ಬಿಲ್ಲಿನಲ್ಲಿ ಎಷ್ಟು ಉಳಿಸಿದರೂ ಸಾಲದು. ಆಗ ಮೂರು ಬಾಗಿಲು ತಟ್ಟಿ. ಮಹಾರಾಷ್ಟ್ರದ ರೇಷನ್ ಕಾರ್ಡ್ ಇದ್ದವರಿಗೆ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ: ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಈಗ ಅನುಕೂಲಸ್ಥರಿಗೆ ಕೊಡುವ ಬಿಳಿ ರೇಷನ್ ಕಾರ್ಡಿನವರಿಗೂ. ಯೋಜನೆಯಲ್ಲಿರುವ ಆಸ್ಪತ್ರೆಗಳಲ್ಲಿ 'ಆರೋಗ್ಯ ಮಿತ್ರ' ಎಂಬ ಮೇಜು ಇರುತ್ತದೆ, ಮೊದಲು ಅಲ್ಲಿಗೆ ಹೋಗಿ. ಕಾರ್ಡು ಇನ್ನೂ ಕರ್ನಾಟಕದಲ್ಲೇ ಇದೆಯಾ? ಊರಿನ ಆಯುಷ್ಮಾನ್ ಕಾರ್ಡ್ ತರಿಸಿಕೊಳ್ಳಿ. ಆಯುಷ್ಮಾನ್ ಭಾರತ್‌ನಲ್ಲಿ ಸೇರಿದ ಆಸ್ಪತ್ರೆಯಲ್ಲಿ ಬೇರೆ ರಾಜ್ಯದವರಿಗೂ ನಡೆಯುವ ವ್ಯವಸ್ಥೆ ಇದೆ. 70 ದಾಟಿದವರಿಗೆ ಆದಾಯ ಎಷ್ಟೇ ಇರಲಿ ಬೇರೆಯೇ ಕಾರ್ಡ್ ಸಿಗುತ್ತದೆ. ಮೂರನೆಯದು ಬಹಳ ಜನರಿಗೆ ಗೊತ್ತಿಲ್ಲ. ಗಾಜಿನ ಬಾಗಿಲಿನ ದೊಡ್ಡ ಆಸ್ಪತ್ರೆಗಳಲ್ಲಿ ಎಷ್ಟೋ ಚಾರಿಟಬಲ್ ಟ್ರಸ್ಟಿನವು. ಬಾಂಬೆ ಹೈಕೋರ್ಟ್ 2006ರಲ್ಲಿ ಒಪ್ಪಿಸಿದ ಯೋಜನೆಯ ಪ್ರಕಾರ ಅವು ನೂರರಲ್ಲಿ ಹತ್ತು ಹಾಸಿಗೆ ತೀರಾ ಬಡವರಿಗೆ ಪುಕ್ಕಟೆ ಕೊಡಬೇಕು, ಇನ್ನು ಹತ್ತು ಅರ್ಧ ಖರ್ಚಿನಲ್ಲಿ. ವರ್ಷದ ಆದಾಯ 1.8 ಲಕ್ಷದೊಳಗಿದ್ದರೆ ಮೊದಲನೆಯದು, 3.6 ಲಕ್ಷದೊಳಗಿದ್ದರೆ ಎರಡನೆಯದು. ರಿಸೆಪ್ಶನ್‌ನಲ್ಲಿ ಕೇಳಿದರೆ "ಹಾಸಿಗೆ ಖಾಲಿ ಇಲ್ಲ" ಅನ್ನುತ್ತಾರೆ. ಅಲ್ಲಿ ಕೇಳಬೇಡಿ. ಆಸ್ಪತ್ರೆಯ ಸೋಶಿಯಲ್ ವರ್ಕರ್ ಎಲ್ಲಿ ಎಂದು ಕೇಳಿ, ತಹಶೀಲ್ದಾರರ ಆದಾಯ ಪತ್ರ, ರೇಷನ್ ಕಾರ್ಡ್ ಹಿಡಿದು ಅವರ ಮುಂದೆ ಕೂತುಕೊಳ್ಳಿ. ಆಗಲೂ ಇಲ್ಲ ಅಂದರೆ ವರ್ಳಿಯಲ್ಲಿ ಚಾರಿಟಿ ಕಮಿಷನರ್ ಕಚೇರಿ ಇದೆ. ಆದಾಯ ಪತ್ರ ಕಾಯಿಲೆ ಬಂದ ಮೇಲೆ ಮಾಡಿಸಲು ಹೋದರೆ ಆಗುವುದಿಲ್ಲ, ಈಗಲೇ ಮಾಡಿಸಿಡಿ.

ಬಿಲ್ ಕೇಳಿ

ಇಪ್ಪತ್ತು ರೂಪಾಯಿಯ ಮಾತ್ರೆಗೂ ಬಿಲ್ ಕೇಳಿ. ಮರಾಠಿಯಲ್ಲಿ "ಬಿಲ್ ದ್ಯಾ" ಎಂದರೆ ಸಾಕು. ಬಿಲ್ಲಿನಲ್ಲಿ ಬ್ಯಾಚ್ ನಂಬರ್, ಡೇಟು ಇರಬೇಕು. ಬಿಲ್ ಇಲ್ಲದೆ ಮಾತ್ರೆ ವಾಪಸ್ ಕೊಡಲು ಆಗುವುದಿಲ್ಲ, ದೂರು ಕೊಡಲೂ ಆಗುವುದಿಲ್ಲ. ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಔಷಧಿ ಮೇಲೇ ಅನುಮಾನ ಇದ್ದರೆ ಆಹಾರ, ಔಷಧಿ ನೋಡಿಕೊಳ್ಳುವ ಇಲಾಖೆಯಾದ ಮಹಾರಾಷ್ಟ್ರ ಎಫ್‌ಡಿಎಗೆ ಹೇಳಬೇಕು, ಅವರ ಮುಖ್ಯ ಕಚೇರಿ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿದೆ. ಪತ್ತಾವನ್ನು ಎಸೆಯದೆ ಇಟ್ಟುಕೊಂಡಿರಿ.

ಇನ್ನೊಂದು ವಿಷಯ, ಬರುವ ಹೊತ್ತು. ಸಂಜೆ ಏಳರಿಂದ ಒಂಬತ್ತೂವರೆವರೆಗೆ ಕೌಂಟರಿನಲ್ಲಿ ನಾಲ್ಕು ಸಾಲು ಇರುತ್ತದೆ. ಆಗ ಸಾಲ್ಟ್ ಯಾವುದು, ಎಷ್ಟು ಬಿಡುತ್ತೀರಿ ಎಂದು ಕೇಳಿದರೆ ಯಾವ ಅಂಗಡಿಯವನೂ ಸರಿಯಾಗಿ ಉತ್ತರ ಕೊಡುವುದಿಲ್ಲ, ನಾನೂ ಕೊಡುವುದಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಬನ್ನಿ. ಹೋಟೆಲಿನವರಿಗೂ ಆಗಲೇ ಬಿಡುವು. ಚೀಟಿ ಮತ್ತು ಹಳೆಯ ಪತ್ತಾ ಎರಡನ್ನೂ ತನ್ನಿ. ಅಂಗಡಿಯಲ್ಲಿ ಬಿಳಿ ಕೋಟು ಹಾಕಿದ ಫಾರ್ಮಸಿಸ್ಟ್ ಯಾರು ಎಂದು ಕೇಳಿ, ಅವರ ಹೆಸರು ಗೋಡೆಯ ಮೇಲಿನ ಲೈಸೆನ್ಸಿನಲ್ಲಿ ಇರುತ್ತದೆ. ಮಾತಾಡುವುದು ಅವರ ಹತ್ತಿರ, ಡಬ್ಬ ಇಳಿಸಿಕೊಡುವ ಹುಡುಗನ ಹತ್ತಿರ ಅಲ್ಲ.